ಮೂಸಿಯ ಮಹಾಪೂರವೂ ಸರ್ ಎಂ. ವಿಶ್ವೇಶ್ವರಯ್ಯನವರೂ

ಭಾಗ್ಯನಗರದಲ್ಲಿ ನೆಲೆಸಿರುವ ನಮ್ಮ ಆಸ್ತಿಕ ಬಂಧುಗಳಲ್ಲಿ ಅನೇಕರು ಪ್ರತಿದಿನವೂ ಮೂಸಿ ನದಿಯ ಸೇತುವೆಗಳನ್ನು ದಾಟಿಯೇ ಕಚೇರಿಗೋ ಅಂಗಡಿಗೋ ಹೋಗಿಬರುವವರು. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಹರಿಯುವ ಆ ಸಣ್ಣ ಧಾರೆಯನ್ನು ನೋಡಿದವರಿಗೆ, ಈ ನದಿಯು ಒಮ್ಮೆ ನಗರದ ಅರ್ಧಭಾಗವನ್ನೇ ನುಂಗಿತ್ತೆಂಬುದನ್ನು ನಂಬುವುದು ಕಷ್ಟವಾದೀತು. ಆದರೆ ಅದು ನಡೆದ ಸಂಗತಿ. ಹಳೆಯ ಹೈದರಾಬಾದಿಗರು ಅದನ್ನು ತುಘಯಾನಿ ಎಂಬ ಹೆಸರಿನಿಂದ ನೆನೆಯುತ್ತಿದ್ದರು. ಮನೆಯ ಹಿರಿಯರ ವಯಸ್ಸನ್ನು ಹೇಳುವಾಗ ತುಘಯಾನಿಗೆ ಮುಂಚೆ ಹುಟ್ಟಿದವರು, ಅನಂತರ ಹುಟ್ಟಿದವರು ಎಂದು ಲೆಕ್ಕಹಾಕುವ ವಾಡಿಕೆಯೂ ಇದ್ದಿತು. ಅಂಥ ಆಘಾತವನ್ನು ಸಹಿಸಿಕೊಂಡು ಒಂದು ನಗರವು ಮತ್ತೆ ಎದ್ದುನಿಂತದ್ದು ಹೇಗೆ, ಜನರಿಗೆ ಮತ್ತೆ ನೆಮ್ಮದಿಯ ನಿದ್ರೆ ಬಂದದ್ದು ಹೇಗೆ ಎಂಬುದನ್ನು ವಿಚಾರಿಸಹೊರಟರೆ, ಕನ್ನಡನಾಡಿನ ಒಬ್ಬ ಮಹನೀಯರ ಹೆಸರು ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಈ ಸಂಚಿಕೆಯಲ್ಲಿ ಅವರ ಜೀವನವನ್ನು, ವಿಶೇಷವಾಗಿ ನಮ್ಮ ಈ ನಗರಕ್ಕೆ ಸಂಬಂಧಿಸಿದ ಭಾಗವನ್ನು, ವಾಚಕರೊಡನೆ ಸ್ಮರಿಸಿಕೊಳ್ಳಲು ನಾವು ಇಚ್ಛಿಸುತ್ತೇವೆ.

ಮೊದಲಿಗೆ ಆ ದಿನದ ವಿಷಯ. 1908ನೆಯ ಇಸವಿ ಸೆಪ್ಟೆಂಬರ್ 28, ಸೋಮವಾರ. ಅವು ಶರನ್ನವರಾತ್ರಿಯ ಆರಂಭದ ದಿನಗಳು. ಮುಸಲ್ಮಾನ ಬಾಂಧವರ ರಂಜಾನ್ ಮಾಸವೂ ಆಗತಾನೆ ಮೊದಲಾಗಿದ್ದಿತು. ಹೀಗೆ ನಗರದ ಬಹುತೇಕ ಮನೆಗಳಲ್ಲಿ ವ್ರತ, ಪೂಜೆ, ಉಪವಾಸಗಳು ನಡೆಯುತ್ತಿದ್ದಾಗಲೇ ಮಳೆಯು ಹಗಲಿರುಳೆನ್ನದೆ ಸುರಿಯಿತು. ನಗರದ ಸಮೀಪದ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತೆಂದು ದಾಖಲೆಯಾಗಿದೆ. ನಗರದ ಮೇಲ್ಭಾಗದಲ್ಲಿ, ಮೂಸಿ ಮತ್ತು ಅದರ ಉಪನದಿ ಈಸಿಗಳಿಗೆ ನೀರು ಹರಿದುಬರುವ ಪ್ರದೇಶದಲ್ಲಿ, ಹಿಂದಿನವರು ಕಟ್ಟಿಸಿದ 788 ಕೆರೆಗಳಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲವೂ ಕೆಳಗಿನ ಕೆರೆಗೆ ನುಗ್ಗುವುದು. ಆ ಭಾರವನ್ನು ತಾಳಲಾರದೆ ಅದೂ ಒಡೆಯುವುದು. ಹೀಗೆ ಒಂದರ ಹಿಂದೆ ಒಂದರಂತೆ 221 ಕೆರೆಗಳು ಒಡೆದುಹೋದವು. ನದಿಯು ಸೆಕೆಂಡಿಗೆ 4,25,000 ಘನ ಅಡಿಗಳ ವೇಗದಲ್ಲಿ ನಗರದೊಳಕ್ಕೆ ಹರಿಯಿತೆಂದು ಅನಂತರ ಲೆಕ್ಕಹಾಕಲಾಯಿತು. ಅಫ್ಜಲ್‌ಗಂಜಿನ ಸೇತುವೆ ಮುರಿಯಿತು, ಅಲ್ಲಿನ ಆಸ್ಪತ್ರೆ ಕುಸಿಯಿತು, ಕೋಲ್ಸಾವಾಡಿಯಂಥ ಬಡವರ ಬಡಾವಣೆಗಳು ಹೇಳಹೆಸರಿಲ್ಲದಂತೆ ಕೊಚ್ಚಿಹೋದವು. ಸತ್ತವರ ಸಂಖ್ಯೆ ಸುಮಾರು 15 ಸಾವಿರವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಆಗ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಿಸೆಯ ಮರವನ್ನು ಏರಿ ಸುಮಾರು 150 ಜನರು ಪ್ರಾಣ ಉಳಿಸಿಕೊಂಡರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರದ ನೆರಳಿನಲ್ಲಿ ಸೆಪ್ಟೆಂಬರ್ 28ರಂದು ಸೇರಿ ಮೃತರನ್ನು ಸ್ಮರಿಸುವ ಕ್ರಮವು ನಡೆದುಬಂದಿದೆ. ಒಂದೇ ಕೊಂಬೆಯನ್ನು ಹಿಡಿದು ಗಂಟೆಗಟ್ಟಲೆ ನಿಂತವರಲ್ಲಿ ಯಾರ ಜಾತಿ ಯಾವುದು, ಯಾರ ಮತ ಯಾವುದು ಎಂದು ಕೇಳುವ ಪ್ರಸಂಗವೇ ಅಲ್ಲಿರಲಿಲ್ಲ. ಕೈಜಾರುತ್ತಿದ್ದವರನ್ನು ಪಕ್ಕದವರು ಹಿಡಿದುಕೊಂಡಿರಲೇಬೇಕು. ಕಷ್ಟಕಾಲದಲ್ಲಿ ಮನುಷ್ಯನಿಗೆ ದೊರೆಯುವ ಮೊದಲ ಧೈರ್ಯವೆಂದರೆ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ ಎಂಬುದೇ ಅಲ್ಲವೆ?

ಅಂದಿನ ಪ್ರಭುಗಳಾದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗಾಗಿ ಅರಮನೆಯ ಬಾಗಿಲುಗಳನ್ನು ತೆರೆಸಿದರು, ಅನ್ನದ ಏರ್ಪಾಡು ಮಾಡಿಸಿದರು. ಅವರು ನದೀತೀರಕ್ಕೆ ಬಂದು ಹಿಂದೂ ಸಂಪ್ರದಾಯದಂತೆ ನದೀದೇವತೆಗೆ ಪೂಜೆ ಸಲ್ಲಿಸಿದರೆಂಬ ಕಥೆಯನ್ನು ನಗರದ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆಗೆ ನಾವು ಹೋಗುವುದಿಲ್ಲ. ಒಡೆಯನು ತಮ್ಮ ದುಃಖದಲ್ಲಿ ತಮ್ಮೊಡನೆ ನಿಂತಿದ್ದನೆಂಬ ಸಮಾಧಾನವು ಜನರಿಗೆ ಎಷ್ಟು ಬೇಕಾಗಿತ್ತೆಂಬುದನ್ನು ಮಾತ್ರ ಆ ಕಥೆ ತಿಳಿಸುತ್ತದೆ.

ಆದರೆ ನೀರು ಇಳಿದ ಮಾತ್ರಕ್ಕೆ ಭಯವೂ ಇಳಿಯುವುದಿಲ್ಲ. ಉರ್ದೂ ಕವಿಗಳಾದ ಅಮ್ಜದ್ ಹೈದರಾಬಾದಿಯವರು ತಾಯಿಯನ್ನೂ ಮಡದಿಯನ್ನೂ ಮಗಳನ್ನೂ ಈ ಪ್ರವಾಹದಲ್ಲಿ ಕಳೆದುಕೊಂಡು ತಾವೊಬ್ಬರೇ ಉಳಿದರು. ಅವರು 1961ರವರೆಗೆ ಬದುಕಿದ್ದು, ತಮ್ಮ ಚೌಪದಿಗಳಿಂದ ಹೆಸರಾದರು. ಆ ದಿನದ ದುಃಖವನ್ನೂ ಪದ್ಯವಾಗಿಸಿದರು. ಕಾವ್ಯಶಕ್ತಿಯಿದ್ದವರಿಗೆ ದುಃಖವನ್ನು ಹೊರಹಾಕಲು ಒಂದು ದಾರಿಯಿತ್ತು. ಅದಿಲ್ಲದ ಸಾವಿರಾರು ಜನರ ಪಾಡೇನು? ಮನೆಯಿಲ್ಲ, ಸರಕಿಲ್ಲ, ಕೆಲವರಿಗೆ ತಮ್ಮವರೆಂಬವರೇ ಇಲ್ಲ. ಮುಂದಿನ ವರ್ಷ ಮೋಡ ಕವಿದಾಗ ಅವರ ಎದೆ ನಡುಗದೆ ಇದ್ದೀತೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರ ಕಥೆಯನ್ನು ಈಗ ಹೇಳುತ್ತೇವೆ.

ವಿಶ್ವೇಶ್ವರಯ್ಯನವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು. 1860 ಎನ್ನುವವರೂ ಇದ್ದಾರೆ. ಹುಟ್ಟಿದ ಊರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ಅವರ ಪೂರ್ವಿಕರು ಆಂಧ್ರದ ಮೋಕ್ಷಗುಂಡವೆಂಬ ಗ್ರಾಮದಿಂದ ಬಂದವರಾದುದರಿಂದ ಆ ಹೆಸರು ಅವರ ಮನೆತನಕ್ಕೆ ಅಂಟಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆ, ಆಚಾರಗಳಿಗೆ ಕೊರತೆಯಿರಲಿಲ್ಲ, ಹಣಕ್ಕೆ ಮಾತ್ರ ಇದ್ದಿತು. ಮಗನು ಇನ್ನೂ ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಸೋದರಮಾವ ರಾಮಯ್ಯನವರ ಆಸರೆಯಿಂದ ಬೆಂಗಳೂರು ಸೇರಿ, ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಡುತ್ತ, ಆ ಸಂಪಾದನೆಯಿಂದ ತಮ್ಮ ವ್ಯಾಸಂಗವನ್ನು ಸಾಗಿಸಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿಕೊಂಡರು.

ಈ ಬಾಲ್ಯವನ್ನು ವಾಚಕರು ಗಮನಿಸಬೇಕು. ಅನಾಥತ್ವವೂ ಬಡತನವೂ ಒಟ್ಟಿಗೆ ಬಂದಾಗ ಹುಡುಗನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬಹುದು. ತನಗಾದ ಅನ್ಯಾಯವನ್ನೇ ನೆನೆನೆನೆದು ಕೊರಗುವುದು ಒಂದು. ದಿನವನ್ನು ಗಂಟೆಗಳಾಗಿ ವಿಭಾಗಿಸಿ, ಈ ಗಂಟೆಯಲ್ಲಿ ಏನು ಮಾಡಲು ಸಾಧ್ಯವೋ ಅದನ್ನು ಮಾಡಿ ಮುಗಿಸುವುದು ಇನ್ನೊಂದು. ವಿಶ್ವೇಶ್ವರಯ್ಯನವರು ಎರಡನೆಯದನ್ನು ಹಿಡಿದರು. ಕಾಲನಿಯಮ, ಮಿತಾಹಾರ, ನಿತ್ಯದ ನಡಿಗೆ, ಅಚ್ಚುಕಟ್ಟಾದ ಉಡುಪು, ಬರೆದಿಟ್ಟ ಲೆಕ್ಕ: ಇವುಗಳನ್ನು ಅವರು ಕಡೆಯತನಕ ಬಿಡಲಿಲ್ಲ. ನೋಡುವವರಿಗೆ ಇದು ಬರಿಯ ಶಿಸ್ತಾಗಿ ತೋರುತ್ತಿತ್ತು. ಇದು ಬಡಹುಡುಗನೊಬ್ಬನು ತನ್ನ ಮನಸ್ಸು ಒಡೆದುಹೋಗದಂತೆ ಕಟ್ಟಿಕೊಂಡ ಏರಿಯೂ ಆಗಿದ್ದಿತೆಂದು ನಮಗೆ ತೋರುತ್ತದೆ.

ಮುಂಬಯಿ ಸರ್ಕಾರದ ಸೇವೆಯಲ್ಲಿ ಅವರು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಶುದ್ಧವಾದ ಕುಡಿಯುವ ನೀರನ್ನು ಒದಗಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ನೀರಿನ ಮಟ್ಟವನ್ನನುಸರಿಸಿ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ರಚಿಸಿದರು. 1906ರಲ್ಲಿ ಏಡನ್ ನಗರದ ನೀರು ಮತ್ತು ಒಳಚರಂಡಿಯ ವಿಷಯದಲ್ಲಿ ಸಲಹೆ ಕೊಡಲು ಹೋಗಿಬಂದರು. ಇಷ್ಟೆಲ್ಲ ಸಾಧಿಸಿದರೂ ಆ ಇಲಾಖೆಯ ಅತ್ಯುನ್ನತ ಪದವಿಯು ಭಾರತೀಯನಿಗೆ ದೊರೆಯುವ ಕಾಲವಾಗಿರಲಿಲ್ಲ. ಅದನ್ನು ಅರಿತ ಅವರು ಯಾರೊಡನೆಯೂ ಕಲಹಕ್ಕಿಳಿಯದೆ, ಸೇವೆಯ ಅವಧಿ ಉಳಿದಿರುವಾಗಲೇ ಸ್ವೇಚ್ಛೆಯಿಂದ ನಿವೃತ್ತರಾಗಿ, 1908ರಲ್ಲಿ ವಿದೇಶ ಪ್ರವಾಸಕ್ಕೆ ಹೊರಟರು. ಅವರು ಯೂರೋಪಿನಲ್ಲಿದ್ದಾಗಲೇ ನಿಜಾಮ ಸರ್ಕಾರದಿಂದ ತಂತಿ ಬಂದಿತು. ಹಾಳಾದ ನಗರವನ್ನು ಪುನಃ ಕಟ್ಟಲು ಸಲಹೆ ಸಹಾಯಗಳನ್ನು ಕೊಡುವುದು, ಮುಂದೆ ಪ್ರವಾಹದಿಂದ ರಕ್ಷಣೆಗೆ ಯೋಜನೆ ರಚಿಸುವುದು, ಹೈದರಾಬಾದ್ ಮತ್ತು ಚಾದರ್‌ಘಾಟ್‌ಗಳಿಗೆ ಸಂಪೂರ್ಣವಾದ ಒಳಚರಂಡಿ ವ್ಯವಸ್ಥೆಯನ್ನು ರೂಪಿಸುವುದು, ಹೀಗೆ ಮೂರು ಕಾರ್ಯಗಳನ್ನು ಅವರಿಗೆ ಒಪ್ಪಿಸಲಾಗಿತ್ತು. ಪ್ರವಾಸ ಮುಗಿಸಿ, 1909ರ ಏಪ್ರಿಲ್ ಮಧ್ಯದಲ್ಲಿ ಅವರು ಈ ನಗರಕ್ಕೆ ಬಂದರು.

ಬಂದವರು ಕಂಡದ್ದು ಅರ್ಧ ಬಿದ್ದ ಗೋಡೆಗಳನ್ನು, ಕೊಳೆಯುತ್ತಿದ್ದ ಹೊಂಡಗಳನ್ನು, ಮುಂದಿನ ಮಳೆಗಾಲಕ್ಕೆ ಹೆದರಿ ಕುಳಿತ ಜನರನ್ನು. ಅಂಥ ಕಡೆ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇದೆಲ್ಲ ದೈವೇಚ್ಛೆ, ನಾವೇನು ಮಾಡಲು ಸಾಧ್ಯ ಎಂಬುದು ಒಂದು. ಇಂಥ ಮಳೆ ನೂರು ವರ್ಷಕ್ಕೊಮ್ಮೆ, ಇನ್ನು ಬಾರದು ಎಂಬುದು ಮತ್ತೊಂದು. ಮೊದಲನೆಯದು ಕೈಕಾಲುಗಳನ್ನು ಕಟ್ಟಿಹಾಕುತ್ತದೆ, ಎರಡನೆಯದು ಕಣ್ಣನ್ನು ಕಟ್ಟುತ್ತದೆ. ವಿಶ್ವೇಶ್ವರಯ್ಯನವರು ಎರಡನ್ನೂ ಒಪ್ಪಲಿಲ್ಲ. ಎಷ್ಟು ಮಳೆ ಬಿದ್ದಿತು, ಎಷ್ಟು ಚದರ ಮೈಲಿಯ ನೀರು ಹರಿದುಬಂದಿತು, ಯಾವ ಕೆರೆ ಏಕೆ ಒಡೆಯಿತು, ನದಿಯ ಪಾತ್ರವು ಎಷ್ಟು ನೀರನ್ನು ಹಿಡಿಯಬಲ್ಲುದು ಎಂದು ಒಂದೊಂದನ್ನೂ ಅಳೆಯಿಸಿದರು. ಹೆಸರಿಲ್ಲದ ಭಯವನ್ನು ಹೀಗೆ ಅಂಕಿಗಳಲ್ಲಿ ಬರೆದಾಗ ಅದು ಎದುರಿಸಬಹುದಾದ ಒಂದು ಕೆಲಸವಾಗಿ ಮಾರ್ಪಡುತ್ತದೆ.

ಮಹಾಪೂರಕ್ಕೆ ವರ್ಷ ತುಂಬಿ ಮೂರು ದಿನಗಳಾಗಿದ್ದವು. 1909ರ ಅಕ್ಟೋಬರ್ 1ರಂದು ಅವರ ವರದಿಯು ಸರ್ಕಾರದ ಕೈಸೇರಿತು. ಅದರ ಸಾರಾಂಶ ಇಷ್ಟು. ನಗರದ ಮೇಲುಗಡೆ ಮೂಸಿಗೆ ಒಂದು, ಈಸಿಗೆ ಒಂದು, ಹೀಗೆ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಬೇಕು. ಮಹಾಮಳೆಯ ನೀರನ್ನು ಅಲ್ಲಿ ತಡೆದು ನಿಲ್ಲಿಸಿ, ನದಿಯ ಪಾತ್ರವು ತಾಳಬಲ್ಲಷ್ಟನ್ನು ಮಾತ್ರ ಮೆಲ್ಲಮೆಲ್ಲನೆ ಕೆಳಕ್ಕೆ ಬಿಡಬೇಕು. ನಗರದೊಳಗೆ ನದಿಯ ದಡಗಳನ್ನು ಎತ್ತರಿಸಿ, ಅಲ್ಲಿ ರಸ್ತೆಗಳನ್ನೂ ಜನರು ಸಂಜೆ ತಿರುಗಾಡಲು ಉದ್ಯಾನಗಳನ್ನೂ ನಿರ್ಮಿಸಬೇಕು. ಮನೆಮನೆಯ ಕೊಳಚೆಯು ನೆಲದೊಳಗಿನ ಕೊಳವೆಗಳಲ್ಲಿ ಹರಿದುಹೋಗುವಂತೆ ಮಾಡಬೇಕು.

ಈ ಯೋಜನೆಯಲ್ಲಿ ಒಂದು ಸೂಕ್ಷ್ಮವಿದೆ. ನದಿಯನ್ನು ಶಾಶ್ವತವಾಗಿ ಕಟ್ಟಿಹಾಕುವ ಹಠ ಅದರಲ್ಲಿಲ್ಲ. ಬರುವ ನೀರು ಬರಲಿ, ಆದರೆ ಒಮ್ಮೆಲೇ ಬಾರದಿರಲಿ ಎಂಬುದೇ ಅದರ ತತ್ತ್ವ. ಮನುಷ್ಯನ ದುಃಖದ ವಿಷಯದಲ್ಲಿಯೂ ಹೀಗೆಯೇ. ದುಃಖವು ಬಾರದಂತೆ ಮಾಡಲು ಯಾರಿಂದಲೂ ಆಗದು. ಬಂದ ದುಃಖವನ್ನು ಹಿಡಿದಿಟ್ಟುಕೊಂಡು, ತಾಳಬಲ್ಲಷ್ಟನ್ನೇ ದಿನದಿನವೂ ಅನುಭವಿಸಿ ಕಳೆಯುವುದಕ್ಕೆ ಒಂದು ವಿಶಾಲವಾದ ಆಸರೆ ಬೇಕು. ಬಂಧುಗಳ ಮನೆ, ನೆರೆಹೊರೆ, ನಿತ್ಯದ ಕೆಲಸ, ದೇವರ ಮುಂದೆ ಹಚ್ಚುವ ದೀಪ, ಇವೆಲ್ಲ ಅಂಥ ಆಸರೆಗಳೇ. ಇವಿಲ್ಲದೆ ಒಂಟಿಯಾಗಿರುವ ಮನಸ್ಸು ಆ ಸಣ್ಣ ಕೆರೆಗಳಂತೆ ಒಡೆಯುತ್ತದೆ. ತಾನು ಒಡೆದು ಕೆಳಗಿನವರನ್ನೂ ಒಡೆಯುತ್ತದೆ.

ಒಳಚರಂಡಿಯ ಮಾತು ಬಂದಾಗ, ಇದಕ್ಕೂ ಮನಸ್ಸಿನ ನೆಮ್ಮದಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಮನೆಯ ಮುಂದೆ ಕೊಳಚೆ ನಿಂತು, ಮಕ್ಕಳು ವರ್ಷವರ್ಷವೂ ಜ್ವರ, ವಾಂತಿಭೇದಿಗಳಿಂದ ನರಳುತ್ತಿದ್ದರೆ ತಾಯಿಯ ಮನಸ್ಸಿಗೆ ಯಾವ ಉಪದೇಶದಿಂದ ಶಾಂತಿ ಸಿಕ್ಕೀತು? ಮಹಾವಿಪತ್ತು ಒಂದು ದಿನ ಬಂದುಹೋಗುತ್ತದೆ, ಸಣ್ಣ ಕಷ್ಟಗಳು ನಿತ್ಯವೂ ಕೊರೆಯುತ್ತವೆ. ವಿಶ್ವೇಶ್ವರಯ್ಯನವರು ಮಹಾಪೂರಕ್ಕೆ ಕೊಟ್ಟಷ್ಟೇ ಗಮನವನ್ನು ಮನೆಯ ಬಚ್ಚಲ ನೀರಿಗೂ ಕೊಟ್ಟರೆಂಬುದನ್ನು ನಾವು ವಿಶೇಷವಾಗಿ ಎತ್ತಿ ಹೇಳಬಯಸುತ್ತೇವೆ.

ವರದಿಯನ್ನು ಒಪ್ಪಿಸಿದ ಮುಂದಿನ ತಿಂಗಳಲ್ಲಿಯೇ, 1909ರ ನವೆಂಬರಿನಲ್ಲಿ, ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಹೊರಟರು. ಆದರೆ ಅವರು ಬಿತ್ತಿದ ಬೀಜ ಇಲ್ಲಿ ಮೊಳೆಯಿತು. 1911ರಲ್ಲಿ ಮಹಬೂಬ್ ಅಲಿ ಖಾನರು ಕಾಲವಾದರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1912ರಲ್ಲಿ, ನಗರಾಭಿವೃದ್ಧಿ ಮಂಡಳಿಯು ಸ್ಥಾಪಿತವಾಯಿತು. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರವು 1920ರಲ್ಲಿಯೂ ಈಸಿಗೆ ಕಟ್ಟಿದ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡವು. ಈ ಕಾಲದ ನೀರಾವರಿ ಕಾಮಗಾರಿಗಳಲ್ಲಿ ಹೈದರಾಬಾದಿನವರೇ ಆದ ನವಾಬ್ ಅಲಿ ನವಾಜ್ ಜಂಗ್ ಬಹಾದೂರರ ಶ್ರಮವನ್ನೂ ಸ್ಮರಿಸತಕ್ಕದ್ದು. ಗಂಡಿಪೇಟೆ ಕೆರೆಯೆಂದು ನಾವು ಕರೆಯುವ ಉಸ್ಮಾನ್ ಸಾಗರದ ನೀರನ್ನು ಕುಡಿದೇ ನಗರದ ಎರಡು ಮೂರು ತಲೆಮಾರುಗಳು ಬೆಳೆದವು. ಕೊಲ್ಲಲು ಬಂದಿದ್ದ ನೀರನ್ನು ಕುಡಿಯುವ ನೀರಾಗಿ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ನದಿಯ ದಡದಲ್ಲಿ ಉಚ್ಚ ನ್ಯಾಯಾಲಯ, ಉಸ್ಮಾನಿಯಾ ಆಸ್ಪತ್ರೆಗಳಂಥ ಭವ್ಯ ಕಟ್ಟಡಗಳು ಎದ್ದವು. ಜನರು ಯಾವ ದಡವನ್ನು ಕಂಡು ಹೆದರಿ ಓಡಿದ್ದರೋ ಅದೇ ದಡಕ್ಕೆ ನ್ಯಾಯ ಕೇಳಲು, ಔಷಧ ಪಡೆಯಲು ಬರತೊಡಗಿದರು. ವಿಶ್ವೇಶ್ವರಯ್ಯನವರೂ 1920ರ ದಶಕದಲ್ಲಿ ಒಳಚರಂಡಿಯ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದು ಸಲಹೆಯಿತ್ತರು.

ಅವರ ಮುಂದಿನ ಜೀವನವು ಕನ್ನಡಿಗರೆಲ್ಲರಿಗೂ ಪರಿಚಿತವಾದುದೇ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, 1913ರಲ್ಲಿ ಮೈಸೂರು ಬ್ಯಾಂಕನ್ನೂ 1916ರಲ್ಲಿ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸುವುದಕ್ಕೆ ಕಾರಣರಾದರು. ಕನ್ನಂಬಾಡಿಯ ಕಟ್ಟೆಯ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ. ಎಪ್ಪತ್ತೈದರ ವಯಸ್ಸನ್ನು ದಾಟಿದಾಗ, 1937ರಲ್ಲಿ ಒಡಿಶಾದಲ್ಲಿ ಪ್ರವಾಹಗಳಾದ ಮೇಲೆ, ಗಾಂಧೀಜಿಯವರ ಅಪೇಕ್ಷೆಯಂತೆ ಅಲ್ಲಿಗೂ ಹೋಗಿ ನದಿಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ಇತರರು ಕಾಶೀಯಾತ್ರೆ ಮಾಡುವ ವಯಸ್ಸಿನಲ್ಲಿ ಅವರು ನೊಂದವರ ನದೀತೀರಗಳಿಗೆ ಯಾತ್ರೆ ಮಾಡಿದರೆಂದು ಹೇಳಬಹುದು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. ನೂರು ವರ್ಷಗಳ ತುಂಬುಜೀವನವನ್ನು ಮುಗಿಸಿ 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಅವರ ಜನ್ಮದಿನವನ್ನು ದೇಶವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತಿದೆ. ನಮ್ಮ ನಗರದ ಖೈರತಾಬಾದಿನಲ್ಲಿ ಅವರ ಪ್ರತಿಮೆ ಇದೆ. ಆ ದಾರಿಯಲ್ಲಿ ಹೋಗುವ ಕನ್ನಡಿಗರು ಒಂದು ಕ್ಷಣ ತಲೆಬಾಗಿ ಮುಂದೆ ಸಾಗುವುದು ಉಚಿತ.

ವಿಪತ್ತಿಗೆ ಸಿಕ್ಕಿದವರ ಮನಸ್ಸಿನ ಆರೈಕೆಯು ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. 1984ರ ಭೋಪಾಲದ ಅನಿಲ ದುರಂತ, 1999ರ ಒಡಿಶಾದ ಚಂಡಮಾರುತ ಮೊದಲಾದ ಸಂದರ್ಭಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಈ ದಿಸೆಯಲ್ಲಿ ಕೆಲಸ ಮಾಡಿದ್ದಾರೆ. ನೊಂದವರಿಗೆ ಮೊದಲು ಸುರಕ್ಷಿತ ಸ್ಥಳ, ಅನ್ನ, ನೀರು ಬೇಕು. ಅವರನ್ನು ತಮ್ಮವರೊಡನೆ ಸೇರಿಸಬೇಕು. ಅವರ ಮಾತನ್ನು ತಾಳ್ಮೆಯಿಂದ ಕೇಳಬೇಕು. ಆದಷ್ಟು ಬೇಗ ಕೈಗೆ ಕೆಲಸ ದೊರೆಯಬೇಕು. ಇಷ್ಟಾದರೆ ಬಹುಪಾಲು ಜನರು ಕ್ರಮೇಣ ಚೇತರಿಸಿಕೊಳ್ಳುತ್ತಾರೆ, ಇಷ್ಟಾದರೂ ಚೇತರಿಸಿಕೊಳ್ಳದವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು ಎಂಬುದು ಈ ಶಾಸ್ತ್ರದ ತಿರುಳು. ಮನೋಸ್ಥೈರ್ಯವೆಂಬುದು ಒಬ್ಬೊಬ್ಬನು ತನ್ನ ಎದೆಯೊಳಗೆ ಮಾತ್ರ ಹುಡುಕಬೇಕಾದ ವಸ್ತುವಲ್ಲ. ಅದರ ಅರ್ಧಭಾಗವು ನೆರೆಯವನ ಕೈಯಲ್ಲಿಯೂ ಊರಿನ ಸುವ್ಯವಸ್ಥೆಯಲ್ಲಿಯೂ ಇರುತ್ತದೆ. ಕಷ್ಟದಲ್ಲಿರುವವರಿಗೆ ಧೈರ್ಯವಾಗಿರಿ ಎಂದಷ್ಟೇ ಹೇಳಿ ಹಿಂತಿರುಗುವುದು ಸುಲಭ. ಅವರ ಧೈರ್ಯಕ್ಕೆ ಆಧಾರವಾಗುವ ಒಂದು ಗೋಡೆಯನ್ನು ಕಟ್ಟಿಕೊಡುವುದು ಕಷ್ಟ. ವಿಶ್ವೇಶ್ವರಯ್ಯನವರು ಆ ಕಷ್ಟದ ಕೆಲಸವನ್ನು ಮಾಡಿದವರು.

ಈ ಕಥೆ ಮುಗಿದುಹೋದ ಕಥೆಯೂ ಅಲ್ಲ. 2020ರ ಅಕ್ಟೋಬರಿನಲ್ಲಿ ನಮ್ಮ ನಗರದಲ್ಲಿ ಮಹಾಮಳೆ ಸುರಿದಾಗ ಮತ್ತೆ ಕೆಲವು ಕೆರೆಗಳ ಏರಿಗಳು ಒಡೆದವು, ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು, ಜೀವಹಾನಿಯಾಯಿತು. ಕೆರೆಯಂಗಳದಲ್ಲಿ ಮನೆಗಳು ಎದ್ದಿದ್ದವು, ನೀರು ಹರಿಯುವ ಕಾಲುವೆಗಳು ಮುಚ್ಚಿಹೋಗಿದ್ದವು. ಮಳೆಯು ದೈವಾಧೀನವೆಂಬುದನ್ನು ಒಪ್ಪೋಣ. ಏರಿಯನ್ನು ಕಾಯುವುದು, ಕಾಲುವೆಗೆ ಕಸ ಹಾಕದಿರುವುದು, ಕೆರೆಯ ನೆಲವನ್ನು ಅಗ್ಗವಾಗಿ ಸಿಕ್ಕಿತೆಂದು ಕೊಳ್ಳದಿರುವುದು ಮಾತ್ರ ಪೂರ್ತಿಯಾಗಿ ನಮ್ಮ ಅಧೀನವೇ. ನಮ್ಮ ಪಾಲಿನ ಕೆಲಸವನ್ನು ಮಾಡದೆ ದೈವವನ್ನು ದೂರುವುದು ಆಸ್ತಿಕರ ಲಕ್ಷಣವಲ್ಲ.

ಈ ವರ್ಷದ ಮಳೆಗಾಲದಲ್ಲಿ ನಮ್ಮ ವಾಚಕರು ತಮ್ಮ ಬೀದಿಯಲ್ಲಿ ಒಮ್ಮೆ ನಡೆದು ನೋಡಲೆಂದು ಕೋರುತ್ತೇವೆ. ತಗ್ಗಿನಲ್ಲಿರುವ ಮನೆ ಯಾರದು, ಅಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ರಾತ್ರಿ ನೀರು ನುಗ್ಗಿದರೆ ಅವರು ಯಾರ ಬಾಗಿಲನ್ನು ತಟ್ಟಬೇಕು ಎಂಬುದನ್ನು ಈಗಲೇ ತಿಳಿದಿಟ್ಟುಕೊಳ್ಳೋಣ. ಆ ಬಾಗಿಲು ನಮ್ಮದಾಗಿರಲಿ. ಹುಣಿಸೆಯ ಮರದ ಕೊಂಬೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತ ಆ ಅನಾಮಧೇಯರಿಗೂ, ಅಂಥ ಮರವನ್ನು ಯಾರೂ ಮತ್ತೆ ಏರಬೇಕಾಗಿ ಬಾರದಿರಲೆಂದು ಶ್ರಮಿಸಿದ ಮುದ್ದೇನಹಳ್ಳಿಯ ಮಹನೀಯರಿಗೂ ನಾವು ಸಲ್ಲಿಸಬಹುದಾದ ಗೌರವ ಅದೇ ಆಗಿದೆ.